ಸಮರದಿಂದ ಮನೆಗೆ

1990ರ ಮಾರ್ಚ್ ತಿಂಗಳಿನಲ್ಲಿ ಭಾರತೀಯ ಶಾಂತಿಪಾಲನಾ ಪಡೆಯ ಕೊನೆಯ ತುಕಡಿಗಳು ಶ್ರೀಲಂಕೆಯಿಂದ ಮದರಾಸಿಗೆ ಬಂದಿಳಿದಾಗ, ಅಂದಿನ ತಮಿಳುನಾಡಿನ ಮುಖ್ಯಮಂತ್ರಿಗಳು ಸ್ವಾಗತಕ್ಕೆ ಬರಲಿಲ್ಲ. 1987ರಲ್ಲಿ ಆರಂಭವಾದ ಆ ಕಾರ್ಯಾಚರಣೆಯಲ್ಲಿ ನಮ್ಮ ಸುಮಾರು 1,200 ಯೋಧರು ಪ್ರಾಣ ತೆತ್ತಿದ್ದರು. 1999ರಲ್ಲಿ ಕಾರ್ಗಿಲ್‌ನಿಂದ ಮರಳಿದವರಿಗಾದರೋ ಊರೂರುಗಳಲ್ಲಿ ಹಾರ ತುರಾಯಿಗಳ ಸನ್ಮಾನ ದೊರೆಯಿತು. ಆದರೆ ಹಾರ ಬಿದ್ದವರೂ ಬೀಳದವರೂ ಕೊನೆಗೆ ಸೇರಿದ್ದು ಮನೆಯನ್ನೇ. ಅಲ್ಲಿಂದ ಮುಂದಿನ ಮಾತನ್ನು ನಾವು ಆಡುವುದು ಕಡಿಮೆ.

ಸಿಪಾಯಿಯಾಗಿ ಸೇರಿದವರಲ್ಲಿ ಅನೇಕರು ನಲವತ್ತು ತುಂಬುವ ಮುನ್ನವೇ ನಿವೃತ್ತರಾಗುತ್ತಾರೆ. ಅಷ್ಟರಲ್ಲಿ ಹೊಲದ ಲಾವಣಿ, ಸೊಸೈಟಿಯ ಸಾಲ, ಮಕ್ಕಳ ಶಾಲೆ ಎಲ್ಲವನ್ನೂ ಪತ್ನಿಯೇ ನಿಭಾಯಿಸಿರುತ್ತಾಳೆ. ಬಂದವರು ಮರುದಿನದಿಂದಲೇ ಆಜ್ಞೆ ಮಾಡತೊಡಗಿದರೆ ಆಕೆಗೆ ನೋವು. ಯಾರೂ ತಮ್ಮನ್ನು ಕೇಳುವುದಿಲ್ಲವೆಂದು ಅವರಿಗೆ ನೋವು. ಹಿರಿಯರು ಇಲ್ಲಿ ಮಗನ ಪಕ್ಷವನ್ನೇ ಹಿಡಿಯುವುದು ರೂಢಿ. ಅದು ಸರಿಯಲ್ಲ. ಲೆಕ್ಕಪತ್ರ ಆಕೆಯ ಕೈಯಲ್ಲೇ ಇರಲಿ. ಒಂದೊಂದೇ ಹೊಣೆಯನ್ನು ಅವರು ಆಕೆಯಿಂದ ಕೇಳಿ ಪಡೆಯಲಿ.

ಕೆಲವರು ರಾತ್ರಿ ಬೆಚ್ಚಿ ಏಳುತ್ತಾರೆ, ದೀಪಾವಳಿಯ ಪಟಾಕಿಗೆ ಬೆವರುತ್ತಾರೆ, ಜಾತ್ರೆಯ ಜನಸಂದಣಿಗೆ ಹೋಗಲೊಲ್ಲರು. ಇದನ್ನು ‘ಮಿಲಿಟರಿ ಸಿಟ್ಟು’ ಎಂದು ತಳ್ಳಿಹಾಕುವುದುಂಟು. ಮೊದಲ ಮಹಾಯುದ್ಧದ ಕಾಲದಲ್ಲಿ ವೈದ್ಯರು ಇಂಥದನ್ನು ‘ಶೆಲ್ ಶಾಕ್’ ಎಂದರು. ವಿಯೆಟ್ನಾಂ ಯುದ್ಧದ ತರುವಾಯ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ಆಘಾತದ ನಂತರದ ಒತ್ತಡವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಯುದ್ಧ ಕಂಡವರೆಲ್ಲರಿಗೂ ಇದು ಬರುವುದಿಲ್ಲ. ಬಂದವರಿಗೆ ಚಿಕಿತ್ಸೆಯುಂಟು.

“ಎಷ್ಟು ಮಂದಿಯನ್ನು ಕೊಂದಿರಿ?” ಎಂದು ಹುಡುಗರು ಕೇಳದಂತೆ ಮನೆಯವರು ನೋಡಿಕೊಳ್ಳಬೇಕು. ಅವರಾಗಿಯೇ ಹೇಳಹೊರಟರೆ ನಡುವೆ ಬಾಯಿ ಹಾಕದೆ ಕೇಳಬೇಕು. ಕ್ಯಾಂಟೀನಿನ ಬಾಟಲಿಗಾಗಿ ಬಾಗಿಲು ತಟ್ಟುವ ನೆಂಟರನ್ನಂತೂ ನಿಷ್ಠುರವಾದರೂ ಸರಿ, ದೂರವಿಡಬೇಕು. ನಿದ್ರೆ ಬಾರದವನಿಗೆ ಕುಡಿತವು ಮದ್ದಿನ ವೇಷದಲ್ಲಿಯೇ ಬರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ನಮ್ಮ ನಾಡಿನಲ್ಲಿಯೇ ಇದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪಿಂಚಣಿದಾರ ಮಾಜಿ ಸೈನಿಕರಿಗೆಂದು 2003ರಲ್ಲಿ ಜಾರಿಗೆ ಬಂದ ಆರೋಗ್ಯ ಯೋಜನೆಯ ಚಿಕಿತ್ಸಾಲಯಗಳೂ ಉಂಟು. ಆ ಯೋಜನೆ ಪತ್ನಿಗೂ ಅನ್ವಯಿಸುತ್ತದೆ. ಅವರು ಹೋಗಲು ಒಪ್ಪದಿದ್ದರೆ ಮೊದಲ ಕರೆಯನ್ನು ಆಕೆಯೇ ಮಾಡಲಿ. ಇಷ್ಟು ವರ್ಷ ಅವರೊಡನೆ ಕಾದವಳು ಆಕೆಯೂ ಹೌದು.