ಹೊಗೆಕೊಳವೆಯ ತಗಡೂ ನಮ್ಮ ಪಗಾರವೂ

ಊರಿನ ಮನೆಯ ಮಾಡು ಸೋರುವ ವಿಚಾರವನ್ನು ಕಾರ್ಮಿಕರ ಪತ್ರಿಕೆಯಲ್ಲಿ ಬರೆಯುವುದೇಕೆ ಎಂದು ಕೆಲವರು ಕೇಳಬಹುದು. ಪಗಾರ, ರಜೆ, ಬೋನಸ್ಸು ಇವೇ ನಮ್ಮ ಪ್ರಶ್ನೆಗಳಲ್ಲವೇ ಎನ್ನಬಹುದು. ನಮ್ಮ ಅಭಿಪ್ರಾಯದಲ್ಲಿ ಇದೂ ಪಗಾರ ಮತ್ತು ರಜೆಯ ಪ್ರಶ್ನೆಯೇ. ಮುಂಬಯಿಯ ಹೊಟೇಲುಗಳಲ್ಲಿ ದುಡಿಯುವ ನಮ್ಮವರಲ್ಲಿ ಎಷ್ಟೋ ಮಂದಿಗೆ ಈ ಶಹರದಲ್ಲಿ ಸ್ವಂತದ ಖೋಲಿ ಇಲ್ಲ. ರಾತ್ರಿ ಮೇಜುಗಳನ್ನು ಸರಿಸಿ ಅಲ್ಲೇ ಚಾಪೆ ಬಿಡಿಸುವವರು ಇಂದಿಗೂ ಇದ್ದಾರೆ. 1982ರ ಮುಷ್ಕರದ ನಂತರ ಕೆಲಸ ಕಳೆದುಕೊಂಡ ಗಿರಣಿ ಬಾಂಧವರಲ್ಲಿ ಅನೇಕರಿಗೆ ಆಸರೆಯಾದದ್ದು ಊರಿನ ಮನೆಯೇ. ಆ ಮನೆ ನಮ್ಮ ಕೊನೆಯ ಆಸರೆ. ಅದು ಸೋರಿದರೆ ಸೋರುವುದು ನಮ್ಮ ದುಡಿಮೆ.

ಕರಾವಳಿ ಮತ್ತು ಮಲೆನಾಡಿನ ಹೆಂಚಿನ ಮನೆಗಳು ಎಲ್ಲಿ ಮೊದಲು ಸೋರುತ್ತವೆ ಎಂಬುದನ್ನು ಗಮನಿಸಬೇಕು. ಅಡಿಗೆಮನೆಯ ಒಲೆಯಿಂದಲೋ ಬಚ್ಚಲಿನ ಹಂಡೆಯ ಒಲೆಯಿಂದಲೋ ಮೇಲಕ್ಕೆ ಹೋದ ಹೊಗೆಕೊಳವೆ ಮಾಡನ್ನು ತೂರುವ ಜಾಗ ಅಂಥದೊಂದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ಊರೂರಿಗೆ ಹಬ್ಬಿತು. ಹಳೆಯ ಮನೆಗಳಲ್ಲಿ ಕೊಳವೆ ಇರಲಿಲ್ಲ. ಹೊಗೆ ಹೆಂಚಿನ ಸಂದುಗಳಲ್ಲೇ ಹೋಗುತ್ತಿತ್ತು, ಅದಕ್ಕೆ ಮೊದಲು ನಮ್ಮ ತಾಯಂದಿರ ಕಣ್ಣಿಗೂ ಎದೆಗೂ ಹೋಗುತ್ತಿತ್ತು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ‘ಅಸ್ತ್ರ’ ಒಲೆಯೂ ಸರಕಾರದ ಹೊಗೆರಹಿತ ಒಲೆಯ ಯೋಜನೆಯೂ ಬಂದು ಕೊಳವೆ ಹಳ್ಳಿಗಳಿಗೆ ತಲುಪಿತು. ಇದು ದೊಡ್ಡ ಉಪಕಾರ. ಆದರೆ ಎಷ್ಟೋ ಮನೆಗಳಲ್ಲಿ ಕೊಳವೆಗಾಗಿ ಹೆಂಚು ಒಡೆದು, ಸುತ್ತಲೂ ಒಂದಿಷ್ಟು ಸಿಮೆಂಟು ಮೆತ್ತಿ ಕೈತೊಳೆದುಕೊಂಡರು.

ಸಿಮೆಂಟು ಅಲ್ಲಿ ನಿಲ್ಲುವುದಿಲ್ಲ. ಬೆಂಕಿ ಹಾಕಿದಾಗ ಕೊಳವೆ ಕಾದು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಗಾಳಿಗೆ ಕೊಳವೆ ಅಲುಗುತ್ತದೆ. ಮಳೆ ಬಿಸಿಲಿಗೆ ಮರದ ಪಕ್ಕಾಸು ಉಬ್ಬಿ ಇಳಿಯುತ್ತದೆ. ಸಿಮೆಂಟಿಗೆ ಬಗ್ಗುವ ಗುಣವಿಲ್ಲ. ಆದುದರಿಂದ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಆ ಮಳೆಗೆ ಕೂದಲೆಳೆಯ ಬಿರುಕೇ ಸಾಕು.

ಸರಿಯಾದ ಉಪಾಯ ಕೊಳವೆಯ ಕೊರಳಿಗೆ ಹಾಕುವ ತಗಡು. ಅದರ ಮೇಲಂಚು ಮೇಲಿನ ಸಾಲಿನ ಹೆಂಚುಗಳ ಅಡಿಗೆ ಹೋಗಬೇಕು, ಕೆಳಂಚು ಕೆಳಗಿನ ಸಾಲಿನ ಹೆಂಚುಗಳ ಮೇಲೆ ಬರಬೇಕು, ಎರಡು ಬದಿಯ ಅಂಚುಗಳನ್ನು ಮೇಲಕ್ಕೆ ಮಡಚಬೇಕು. ಅದರ ಮೇಲೆ ಕೊಳವೆಗೆ ಕೊಡೆಯಂತೆ ಇನ್ನೊಂದು ತಗಡನ್ನು ಬಿಗಿಯಬೇಕು. ಕೆಳಗಿನ ತಗಡು ಮಾಡಿನದು, ಮೇಲಿನ ಕೊಡೆ ಕೊಳವೆಯದು. ಎರಡನ್ನೂ ಒಂದಕ್ಕೊಂದು ಬಿಗಿಯಬಾರದು. ಆಗ ಕೊಳವೆ ಹಿಗ್ಗಿದರೂ ಅಲುಗಿದರೂ ನೀರು ಒಳಗೆ ಬಾರದು. ಸಮುದ್ರದ ಉಪ್ಪುಗಾಳಿಗೆ ಸತುವು ಲೇಪಿಸಿದ ತಗಡು ಬೇಗ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹೆಚ್ಚು ಬಾಳುತ್ತದೆ, ಆದರೆ ಅದಕ್ಕೆ ಹಸಿ ಸಿಮೆಂಟು ತಾಗಬಾರದು.

ಇನ್ನು ಖರ್ಚು. ಕೂಲಿಯೂ ಸಾಮಾನಿನ ಬೆಲೆಯೂ ಊರಿಂದ ಊರಿಗೆ ಬೇರೆ. ಆದರೂ ಲೆಕ್ಕದ ಸಲುವಾಗಿ ಅಂಕಿಗಳನ್ನು ಹಿಡಿಯೋಣ. ಓದುಗರು ತಮ್ಮ ಊರಿನ ದರ ಹಾಕಿಕೊಳ್ಳಲಿ. ಮೇಸ್ತ್ರಿಗೆ ಒಂದು ದಿನಕ್ಕೆ 1000 ರೂಪಾಯಿ, ಸಹಾಯಕನಿಗೆ 700, ಎರಡು ತಗಡಿಗೂ ಮಡಚುವ ಕೂಲಿಗೂ 600, ಮೊಳೆ ಅಂಟು ಇತ್ಯಾದಿಗೆ 300, ಎಂಟು ಹೆಂಚಿಗೆ 400. ಒಟ್ಟು 3000 ರೂಪಾಯಿ. ಒಂದು ಹಗಲಿನ ಕೆಲಸ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿಯೇ. ಆದುದರಿಂದ ತಗಡಿನಲ್ಲಿ ನೂರು ರೂಪಾಯಿ ಉಳಿಸಹೋಗಿ ತೆಳ್ಳಗಿನದನ್ನು ಹಾಕಿಸುವುದು ಜಾಣತನವಲ್ಲ. ತಗಡು ಹೋದಾಗ ಕೂಲಿಯನ್ನು ಮತ್ತೊಮ್ಮೆ ಕೊಡಲೇಬೇಕು.

ಇದನ್ನೇ ಎರಡು ಮಳೆಗಾಲ ಮುಂದೂಡಿದರೆ ಏನಾಗುತ್ತದೆ? ನೀರು ಕೊಳವೆಯ ಗುಂಟ ಇಳಿದು ರೀಪು ಕೊಳೆಯುತ್ತದೆ, ಪಕ್ಕಾಸಿಗೆ ಗೆದ್ದಲು ಹತ್ತುತ್ತದೆ. ಆಗ ಬಡಗಿಗೆ ಮೂರು ದಿನಕ್ಕೆ 3600, ಸಹಾಯಕನಿಗೆ 2100, ಮರಕ್ಕೆ 5000, ಇಪ್ಪತ್ತು ಹೆಂಚಿಗೆ 1000, ಮೇಸ್ತ್ರಿಗೆ 1000, ತಗಡು ಅಂಟಿಗೆ ಅದೇ 900. ಒಟ್ಟು 13,600. ನಾಲ್ಕೂವರೆ ಪಟ್ಟು! ಮಳೆಗಾಲದ ನಡುವೆ ಕೈಯಲ್ಲಿ ಹಣವಿಲ್ಲದೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದರೆ ವರ್ಷಕ್ಕೆ ಇನ್ನೂ 4896 ರೂಪಾಯಿ. ಬಡ್ಡಿಯೊಂದೇ ಮೊದಲಿನ ಇಡೀ ಕೆಲಸದ ಖರ್ಚನ್ನು ಮೀರುತ್ತದೆ.

ರಿಪೇರಿ ಸಾಕೋ, ಹೊಸದೇ ಬೇಕೋ ಎಂದು ತಿಳಿಯುವುದು ಕಷ್ಟವಲ್ಲ. ತಗಡು ಗಟ್ಟಿಯಾಗಿದ್ದು ಅಂಚಿನ ಅಂಟು ಮಾತ್ರ ಬಿಟ್ಟಿದ್ದರೆ ರಿಪೇರಿ ಸಾಕು. ತೂತು ಬಿದ್ದಿದ್ದರೆ, ಬೆರಳಿನಿಂದ ಒತ್ತಿದಾಗ ತುಕ್ಕು ಉದುರಿದರೆ, ಅಥವಾ ತಗಡೇ ಇಲ್ಲದೆ ಸಿಮೆಂಟು ಮಾತ್ರ ಇದ್ದರೆ, ಹೊಸದನ್ನೇ ಹಾಕಿಸಬೇಕು. ಕೊರಳು ಸೋರಿದ್ದನ್ನು ನೋಡಿ ಇಡೀ ಮಾಡನ್ನೇ ತೆಗೆದು ಶೀಟು ಹೊದಿಸೋಣ ಎನ್ನುವ ಗುತ್ತಿಗೆದಾರನ ಮಾತಿಗೆ ಒಪ್ಪುವ ಮೊದಲು, ಒಳಗಿನಿಂದ ದೀಪ ಹಿಡಿದು ಮರವನ್ನು ನೋಡಿಸಿ. ಇನ್ನೊಂದು ಎಚ್ಚರಿಕೆ: ಹಳೆಯ ಕೊಳವೆ ಆಸ್ಬೆಸ್ಟಾಸ್ ಸಿಮೆಂಟಿನದಾಗಿದ್ದರೆ ಅದನ್ನು ಕೊಯ್ಯಿಸಬೇಡಿ, ಒಡೆಸಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಮಾಡಿನ ಮೇಲಿರುವವನೂ ನಮ್ಮಂತೆಯೇ ಕೂಲಿಕಾರನು.

ಈಗ ಗ್ಯಾಸು ಬಂದಿದೆ, ಕೊಳವೆಯೇ ಏಕೆ ಎಂಬ ಆಕ್ಷೇಪವಿದೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಡವರ ಮನೆಗಳಿಗೂ ಗ್ಯಾಸು ತಲುಪಿತೆಂಬುದು ನಿಜ. ಕಟ್ಟಿಗೆಯ ಒಲೆ ಪೂರಾ ನಿಂತ ಮನೆಯಲ್ಲಿ ಕೊಳವೆ ತೆಗೆಸಿ ಇಡೀ ಹೆಂಚು ಹೊದಿಸಿದರೆ ಅದೇ ಎಲ್ಲಕ್ಕಿಂತ ಅಗ್ಗ. ಆದರೆ ಸಿಲಿಂಡರಿನ ಹಣ ಉಳಿಸಲು ಬಚ್ಚಲಿನಲ್ಲಿ ತೆಂಗಿನ ಮಡಲನ್ನೋ ಅಡಿಕೆ ಹಾಳೆಯನ್ನೋ ಉರಿಸುವ ಮನೆಗಳು ಇನ್ನೂ ಬಹಳ ಇವೆ. ಬೆಂಕಿ ಇರುವ ತನಕ ಕೊಳವೆ ಇರಲೇಬೇಕು. ನೀರಿಗೆ ಹೆದರಿ ಹೊಗೆಯನ್ನು ಹೆಂಗಸರ ಪಾಲಿಗೆ ಬಿಡುವುದು ನ್ಯಾಯವಲ್ಲ.

ಹಾಗಾದರೆ ಮೂರು ಸಾವಿರದ ಕೆಲಸ ಹದಿಮೂರು ಸಾವಿರಕ್ಕೆ ಏರುವುದೇಕೆ? ನಮ್ಮವರ ಸೋಮಾರಿತನದಿಂದಲ್ಲ. ಮಾಡು ಹತ್ತುವ ಕಾಲ ಏಪ್ರಿಲ್, ಮೇ. ಅದೇ ಸಮಯಕ್ಕೆ ಹೊಟೇಲಿನಲ್ಲಿ ಗಿರಾಕಿ ಹೆಚ್ಚು, ರಜೆ ಕೇಳಬೇಡ ಎಂಬ ಉತ್ತರ. ಮುಂಗಡ ಕೇಳಿದರೆ ಗಣೇಶ ಚೌತಿಗೆ ನೋಡೋಣ ಎನ್ನುತ್ತಾರೆ. ಚೌತಿ ಬರುವಷ್ಟರಲ್ಲಿ ಮರ ಕೊಳೆತಿರುತ್ತದೆ. ನಮ್ಮಲ್ಲಿ ಅನೇಕರಿಗೆ ಹಣ ಇಲ್ಲವೆಂದಲ್ಲ, ಅದು ಸಕಾಲಕ್ಕೆ ಕೈಗೆ ಬರುವುದಿಲ್ಲ.

ಆದುದರಿಂದ ಎರಡು ವಿಷಯಗಳನ್ನು ಬಾಂಧವರ ಮುಂದೆ ಇಡುತ್ತೇವೆ. ಮೊದಲನೆಯದು ರಜೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಅನ್ವಯವಾಗುವ ಹೊಟೇಲುಗಳಲ್ಲಿ, ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನದಂತೆ ಪಗಾರದ ರಜೆ ಸಲ್ಲಬೇಕು. ಅಂದರೆ ಕಡಿಮೆಯೆಂದರೆ 12 ದಿನ. ಇದು ಮಾಲಕರ ದಯೆಯಲ್ಲ, ನಮ್ಮ ಹಕ್ಕು. ಒಂದು ಹೊಟೇಲಿನವರೆಲ್ಲ ಒಟ್ಟಿಗೆ ಹೋಗುತ್ತೇವೆ ಎಂದರೆ ಅಂಗಡಿ ನಡೆಯದೆಂಬುದು ನಮಗೂ ಗೊತ್ತು. ಜನವರಿಯಲ್ಲೇ ಎಲ್ಲರೂ ಕುಳಿತು ಸರದಿ ಬರೆದು ಮಾಲಕರ ಕೈಗೆ ಕೊಟ್ಟರೆ ಬೇಡವೆನ್ನಲು ಅವರಿಗೆ ಕಾರಣ ಉಳಿಯುವುದಿಲ್ಲ.

ಎರಡನೆಯದು ಹಣ. ಮೂವತ್ತು ಮಂದಿ ಸೇರಿ ತಿಂಗಳಿಗೆ ನೂರು ರೂಪಾಯಿಯಂತೆ ಜೂನ್‌ನಿಂದ ಮಾರ್ಚಿನವರೆಗೆ ಹತ್ತು ತಿಂಗಳು ಹಾಕಿದರೆ 30,000 ರೂಪಾಯಿ ಕೂಡುತ್ತದೆ. ಮೇಲಿನ ಲೆಕ್ಕದಂತೆ ಏಪ್ರಿಲ್‌ನಲ್ಲಿ ಹತ್ತು ಮನೆಗಳ ಕೊರಳಿಗೆ ತಗಡು ಬೀಳುತ್ತದೆ. ಪಡೆದವರು ತಿಂಗಳಿಗೆ 300ರಂತೆ ಹತ್ತು ಕಂತಿನಲ್ಲಿ, ಬಡ್ಡಿಯಿಲ್ಲದೆ, ಮರಳಿಸಲಿ. ಮುಂದಿನ ವರ್ಷ ಬೇರೆ ಹತ್ತು ಮನೆ. ಲೆಕ್ಕದ ಪುಸ್ತಕ ಎಲ್ಲರೂ ನೋಡುವಂತೆ ತೆರೆದಿರಲಿ. ಯಾರ ಮನೆ ಮೊದಲು ಎಂಬುದನ್ನು ಮುಖ ನೋಡದೆ ಸಭೆಯಲ್ಲೇ ನಿಶ್ಚಯಿಸಲಿ. ಮುದುಕರೂ ಮಕ್ಕಳೂ ಇರುವ ಮನೆಗಳಿಗೆ ಮೊದಲ ಸರದಿ ಸಿಗಲಿ.

ಪಗಾರದ ಹೋರಾಟ ಇದರಿಂದ ಹಿಂದೆ ಬೀಳುವುದಿಲ್ಲ. ಬಡ್ಡಿಯ ಸಾಲ ತಲೆಯ ಮೇಲಿರುವವನು ಮಾಲಕರೆದುರು ನೆಟ್ಟಗೆ ನಿಲ್ಲಲಾರ, ಸಾಲವಿಲ್ಲದವನು ನಿಲ್ಲಬಲ್ಲ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮನೆಗೆ ಫೋನು ಮಾಡಿ, ಕೊಳವೆಯ ಕೊರಳು ಹೇಗಿದೆ, ಊರಿನಲ್ಲಿ ಮೇಸ್ತ್ರಿಯ ಕೂಲಿ ಎಷ್ಟು, ಈ ಎರಡನ್ನು ಕೇಳಿಕೊಂಡು ಬನ್ನಿ. ಕೆಲಸ ಅಲ್ಲಿಂದಲೇ ಶುರುವಾಗಲಿ.