ತಿಂಗಳ ಸಿನಿಮಾ ಪಾಸ್: ಲಾಭ ಯಾರಿಗೆ?

ಇಂದಿನ ಮಾರುಕಟ್ಟೆಯು ನಮಗೆ ವಸ್ತುಗಳನ್ನು ಮಾರುವುದಕ್ಕಿಂತಲೂ ಹೆಚ್ಚು ಉತ್ಸಾಹದಿಂದ ಚಂದಾದಾರಿಕೆಯನ್ನು ಮಾರುತ್ತಿದೆ. ಮೊಬೈಲಿನ ರೀಚಾರ್ಜು, ಮನೆಯ ವೈಫೈ, ಮಕ್ಕಳ ಪಾಠದ ಆಪ್, ಓಟಿಟಿ, ಹೀಗೆ ಪ್ರತಿಯೊಂದೂ ತಿಂಗಳು ತಿಂಗಳು ಬಂದು ನಮ್ಮ ಬ್ಯಾಂಕ್ ಖಾತೆಯ ಬಾಗಿಲು ತಟ್ಟುತ್ತದೆ. ಈ ಸಾಲಿಗೆ ಚಿತ್ರಮಂದಿರವೂ ಸೇರಿ ಕೆಲವು ವರ್ಷಗಳಾದವು. ಪ್ರತಿ ತಿಂಗಳು ಇಂತಿಷ್ಟು ಹಣ ಕೊಡಿ, ಇಂತಿಷ್ಟು ಸಿನಿಮಾ ನೋಡಿ ಎಂಬುದು ಅದರ ಕರೆ. ನಮ್ಮ ಮನೆಗಳ ಯುವಕರು ಇದನ್ನು ಜಾಣತನದ ಉಳಿತಾಯವೆಂದು ಭಾವಿಸುತ್ತಾರೆ, ಹೆತ್ತವರೂ ಲೆಕ್ಕ ಸರಿಯಿದೆಯೆಂದು ತಲೆಯಾಡಿಸುತ್ತಾರೆ. ಆದರೆ ಲೆಕ್ಕ ನಿಜವಾಗಿಯೂ ಸರಿಯಿದೆಯೇ?

ಸಿನಿಮಾ ನೋಡಬಹುದೇ, ಎಂತಹ ಸಿನಿಮಾ ನೋಡಬಹುದು ಎಂಬ ಚರ್ಚೆಯನ್ನು ನಾವಿಲ್ಲಿ ಎತ್ತಿಕೊಳ್ಳುತ್ತಿಲ್ಲ. ಅದು ಬೇರೆಯೇ ವಿಷಯ ಮತ್ತು ಅದಕ್ಕೆ ಅರ್ಹರಾದ ವಿದ್ವಾಂಸರಿದ್ದಾರೆ. ವರ್ಷಕ್ಕೆ ಎರಡೋ ಮೂರೋ ಬಾರಿ ಕುಟುಂಬ ಸಮೇತ ಚಿತ್ರಮಂದಿರಕ್ಕೆ ಹೋಗುವ ಮನೆಗಳು ನಮ್ಮಲ್ಲಿವೆ ಎಂಬುದು ವಾಸ್ತವ. ಆ ಮನೆಗಳ ಹಣದ ಬಗ್ಗೆ, ಆ ಹಣವನ್ನು ಕಟ್ಟಿಹಾಕಲು ಹೊರಟಿರುವ ಈ ವ್ಯವಸ್ಥೆಯ ಬಗ್ಗೆ ಮಾತ್ರ ನಮ್ಮ ಮಾತು.

ನಮ್ಮ ದೇಶದ ಉದಾಹರಣೆಯನ್ನೇ ನೋಡೋಣ. ಪಿವಿಆರ್ ಐನಾಕ್ಸ್ ಸಂಸ್ಥೆಯು 2023ರ ಅಕ್ಟೋಬರ್‌ನಲ್ಲಿ 'ಪಾಸ್‌ಪೋರ್ಟ್' ಎಂಬ ಹೆಸರಿನಲ್ಲಿ ಇಂತಹದೊಂದು ಯೋಜನೆಯನ್ನು ಆರಂಭಿಸಿತು. ತಿಂಗಳಿಗೆ 699 ರೂಪಾಯಿ, ಹತ್ತು ಸಿನಿಮಾ. ಕನಿಷ್ಠ ಮೂರು ತಿಂಗಳಿಗೆ ಸೇರಲೇಬೇಕು, ಅಂದರೆ 2,097 ರೂಪಾಯಿ. ಮರುವರ್ಷ 349 ರೂಪಾಯಿಗೆ ನಾಲ್ಕು ಸಿನಿಮಾಗಳ ಇನ್ನೊಂದು ರೂಪವೂ ಬಂತು. ಹತ್ತು ಸಿನಿಮಾಕ್ಕೆ 699 ಎಂದರೆ ಒಂದಕ್ಕೆ ಎಪ್ಪತ್ತು ರೂಪಾಯಿಯೂ ಆಗಲಿಲ್ಲ! ಜಾಹೀರಾತು ನಿಂತಿರುವುದು ಈ ಉದ್ಗಾರದ ಮೇಲೆ. ಉದ್ಗಾರ ಮುಗಿದ ಮೇಲೆ ಷರತ್ತುಗಳು ಆರಂಭವಾಗುತ್ತವೆ. ಪಾಸ್ ನಡೆಯುವುದು ಸೋಮವಾರದಿಂದ ಗುರುವಾರದವರೆಗೆ ಮಾತ್ರ. ಐಮ್ಯಾಕ್ಸ್, ಗೋಲ್ಡ್, ಲಕ್ಸ್‌ನಂತಹ ದುಬಾರಿ ಪರದೆಗಳಿಗೆ ಅದು ಅನ್ವಯಿಸದು. ಒಬ್ಬರ ಪಾಸ್ ಇನ್ನೊಬ್ಬರಿಗೆ ಸಲ್ಲದು, ಗುರುತಿನ ಚೀಟಿ ತೋರಿಸಿಯೇ ಒಳಗೆ ಹೋಗಬೇಕು.

ಈ ಷರತ್ತುಗಳನ್ನು ನಮ್ಮ ಮನೆಯ ದಿನಚರಿಯ ಪಕ್ಕದಲ್ಲಿಟ್ಟು ನೋಡಿರಿ. ಸೋಮವಾರದಿಂದ ಗುರುವಾರದವರೆಗೆ ಮಕ್ಕಳಿಗೆ ಶಾಲೆಯಿದೆ, ಸಂಜೆ ಮದ್ರಸವೋ ಟ್ಯೂಷನ್ನೋ ಇದೆ. ಅಂಗಡಿಯಿಟ್ಟವನಿಗೆ ವ್ಯಾಪಾರವಿದೆ, ನೌಕರನಿಗೆ ಕಚೇರಿಯಿದೆ. ಕುಟುಂಬ ಒಟ್ಟಾಗಿ ಹೊರಡಲು ಸಾಧ್ಯವಿರುವುದು ಶನಿವಾರ ಸಂಜೆ ಅಥವಾ ಭಾನುವಾರ, ಇಲ್ಲವೇ ಹಬ್ಬದ ಮರುದಿನ. ಸರಿಯಾಗಿ ಆ ದಿನಗಳಂದೇ ಪಾಸ್ ನಿದ್ರಿಸುತ್ತದೆ. ಹಾಗಾದರೆ ತಿಂಗಳಲ್ಲಿ ಬರುವ ಹದಿನೇಳು ಹದಿನೆಂಟು ವಾರದ ದಿನಗಳ ಪೈಕಿ ಹತ್ತನ್ನು ಚಿತ್ರಮಂದಿರದಲ್ಲಿ ಕಳೆಯಬಲ್ಲವರು ಯಾರು? ತರಗತಿ ತಪ್ಪಿಸುವ ವಿದ್ಯಾರ್ಥಿ, ಅಥವಾ ಕೆಲಸವಿಲ್ಲದ ಯುವಕ. ಎರಡೂವರೆ ಗಂಟೆಯ ಸಿನಿಮಾ, ಮಧ್ಯಂತರ, ಜಾಹೀರಾತು, ಹೋಗಿ ಬರುವ ದಾರಿ ಎಲ್ಲ ಸೇರಿಸಿದರೆ ನಾಲ್ಕು ಗಂಟೆಗೆ ಕಡಿಮೆಯಾಗದು. ಹತ್ತು ಸಲಕ್ಕೆ ನಲವತ್ತು ಗಂಟೆ. ಇದು ಒಬ್ಬ ನೌಕರನ ಇಡೀ ವಾರದ ದುಡಿಮೆಯ ಅವಧಿ. ಎಪ್ಪತ್ತು ರೂಪಾಯಿಯ ಲೆಕ್ಕ ಹೇಳುವವರು ಈ ನಲವತ್ತು ಗಂಟೆಗಳನ್ನು ಯಾವ ಖಾತೆಗೆ ಬರೆಯುತ್ತಾರೆ?

ನಾಲ್ಕು ಜನರ ಮನೆಯೊಂದು 349 ರೂಪಾಯಿಯ ಪಾಸನ್ನು ತಲಾ ಒಂದರಂತೆ ಪಡೆದರೆ ತಿಂಗಳಿಗೆ 1,396 ರೂಪಾಯಿ, ವರ್ಷವಿಡೀ ಮುಂದುವರಿದರೆ 16,752 ರೂಪಾಯಿ. ಅದೇ ಕುಟುಂಬ ವರ್ಷಕ್ಕೆ ಮೂರು ಬಾರಿ ಭಾನುವಾರದಂದು ತಲಾ 300 ರೂಪಾಯಿಯ ಟಿಕೆಟ್ ಕೊಂಡು ಹೋದರೂ ಖರ್ಚು 3,600 ರೂಪಾಯಿ ಮಾತ್ರ. ಇನ್ನು ಪಾಸ್ ಒಬ್ಬರಿಗೆ ಮಾತ್ರ ಕೊಂಡರೆ ಏನಾಗುತ್ತದೆ? ಮನೆಯ ಒಬ್ಬ ಸದಸ್ಯ ಒಂಟಿಯಾಗಿ, ವಾರದ ನಡುವೆ, ಕತ್ತಲೆಯ ಕೋಣೆಯಲ್ಲಿ ಕುಳಿತು ಬರುವ ಅಭ್ಯಾಸ ಬೆಳೆಯುತ್ತದೆ. ಕುಟುಂಬದ ಮನರಂಜನೆ ಎಂಬ ಮಾತು ಜಾಹೀರಾತಿನಲ್ಲಿಯೇ ಉಳಿಯುತ್ತದೆ.

ಉಳಿತಾಯದ ವಾದದಲ್ಲಿ ಇನ್ನೊಂದು ಮೂಲಭೂತ ದೋಷವಿದೆ. ಪಾಸ್ ಇದ್ದವನು ನಾಲ್ಕು ಸಿನಿಮಾ ನೋಡಿ, ನಾಲ್ಕರ ಟಿಕೆಟ್ ದರವನ್ನು ಕೂಡಿಸಿ, ಅದರಿಂದ 349ನ್ನು ಕಳೆದು, ಉಳಿದದ್ದು ತನ್ನ ಲಾಭವೆನ್ನುತ್ತಾನೆ. ಪಾಸ್ ಇಲ್ಲದಿದ್ದರೆ ಅವನು ಆ ನಾಲ್ಕನ್ನೂ ನೋಡುತ್ತಿದ್ದನೇ? ಒಂದನ್ನು ನೋಡುತ್ತಿದ್ದ, ಅಥವಾ ಯಾವುದನ್ನೂ ನೋಡುತ್ತಿರಲಿಲ್ಲ. ಖರ್ಚು ಮಾಡಲು ಉದ್ದೇಶಿಸದೇ ಇದ್ದ ಹಣವನ್ನು ಉಳಿಸಿದೆನೆಂದು ಹೇಳಿಕೊಳ್ಳುವುದು ಎಂತಹ ಲೆಕ್ಕ? ಸೀರೆ ಅಂಗಡಿಯ ರಿಯಾಯಿತಿಯಲ್ಲಿ ಬೇಡವಾದ ಮೂರು ಸೀರೆ ತಂದು ಸಾವಿರ ರೂಪಾಯಿ ಉಳಿಸಿದೆವೆಂದು ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಇಸ್ರಾಫ್ ಎಂದರೆ ಶ್ರೀಮಂತರ ಮದುವೆಯ ಊಟ ಮಾತ್ರ ಎಂದು ನಾವು ತಿಳಿದಿದ್ದೇವೆ. ಅಗ್ಗವೆಂಬ ಕಾರಣಕ್ಕೆ ಅನಗತ್ಯವಾದುದನ್ನು ಕೊಳ್ಳುವುದೂ ಅದೇ ದುಂದುವೆಚ್ಚದ ಸಾಧಾರಣ ಉಡುಪಿನ ರೂಪ.

ಟಿಕೆಟ್ ಅಗ್ಗವಾದಾಗ ಚಿತ್ರಮಂದಿರ ನಷ್ಟದಲ್ಲಿದೆ ಎಂದು ಯಾರೂ ಮರುಗಬೇಕಾಗಿಲ್ಲ. ಮಲ್ಟಿಪ್ಲೆಕ್ಸ್‌ಗಳ ಆದಾಯದಲ್ಲಿ ತಿಂಡಿ ಪಾನೀಯಗಳದ್ದು ದೊಡ್ಡ ಪಾಲು. ಪಿವಿಆರ್ ಐನಾಕ್ಸ್‌ನ 2023-24ರ ಲೆಕ್ಕದಲ್ಲಿ ಒಬ್ಬ ಪ್ರೇಕ್ಷಕ ತಿಂಡಿಗೆ ಮಾಡುವ ಸರಾಸರಿ ಖರ್ಚು 130 ರೂಪಾಯಿಯ ಆಸುಪಾಸಿನಲ್ಲಿತ್ತು. ಹತ್ತು ಸಲ ಹೋದವನು ಈ ಸರಾಸರಿಯಂತೆ ಖರ್ಚು ಮಾಡಿದರೆ 1,300 ರೂಪಾಯಿ, ಅಂದರೆ ಪಾಸ್‌ನ ಬೆಲೆಯ ಸುಮಾರು ಇಮ್ಮಡಿ. ಹೊರಗಿನ ತಿಂಡಿಯನ್ನು ಒಳಗೆ ಬಿಡದಿರಲು ಚಿತ್ರಮಂದಿರಗಳಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. (ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಒದಗಿಸಬೇಕೆಂಬುದನ್ನೂ ಅದೇ ತೀರ್ಪು ನೆನಪಿಸಿದೆ. ಇದನ್ನು ಎಷ್ಟು ಮಂದಿ ಕೇಳಿ ಪಡೆಯುತ್ತಾರೋ!)

ಈ ವ್ಯವಹಾರದ ನಿಜವಾದ ಸ್ವರೂಪವನ್ನು ತಿಳಿಯಬೇಕಾದರೆ ಅಮೆರಿಕದ ಮೂವೀಪಾಸ್ ಎಂಬ ಕಂಪೆನಿಯ ಕಥೆಯನ್ನು ತಿಳಿಯಬೇಕು. 2011ರಲ್ಲಿ ಆರಂಭವಾದ ಈ ಸಂಸ್ಥೆಯು 2017ರ ಆಗಸ್ಟ್‌ನಲ್ಲಿ ತಿಂಗಳಿಗೆ 9.95 ಡಾಲರ್‌ಗೆ ದಿನಕ್ಕೊಂದು ಸಿನಿಮಾ ಎಂದು ಘೋಷಿಸಿತು. ಆಗ ಅಲ್ಲಿ ಒಂದೇ ಟಿಕೆಟಿನ ಸರಾಸರಿ ದರ ಸುಮಾರು 9 ಡಾಲರ್! ಮೂವೀಪಾಸ್‌ಗೆ ಸ್ವಂತ ಚಿತ್ರಮಂದಿರಗಳಿರಲಿಲ್ಲ. ಚಂದಾದಾರ ನೋಡುವ ಪ್ರತಿಯೊಂದು ಸಿನಿಮಾಕ್ಕೂ ಅದು ಚಿತ್ರಮಂದಿರಕ್ಕೆ ಬಹುತೇಕ ಪೂರ್ಣ ದರವನ್ನೇ ಪಾವತಿಸಬೇಕಿತ್ತು. ಅಂದರೆ ಚಂದಾದಾರ ತಿಂಗಳಲ್ಲಿ ಎರಡನೆಯ ಸಿನಿಮಾಕ್ಕೆ ಕಾಲಿಟ್ಟೊಡನೆ ಕಂಪೆನಿಗೆ ನಷ್ಟ. ಸಂಭ್ರಮ ಮಾತ್ರ ಬಹಳ ದೊಡ್ಡದಿತ್ತು. 2018ರ ಜೂನ್ ಹೊತ್ತಿಗೆ ಚಂದಾದಾರರ ಸಂಖ್ಯೆ ಮೂವತ್ತು ಲಕ್ಷ ದಾಟಿತು. ಜುಲೈ ಕೊನೆಯಲ್ಲಿ ಕೈಯಲ್ಲಿ ಹಣವಿಲ್ಲದೆ ಸೇವೆಯೇ ಸ್ಥಗಿತಗೊಂಡು, ಅದನ್ನು ಮತ್ತೆ ನಡೆಸಲು ಮಾತೃಸಂಸ್ಥೆ 50 ಲಕ್ಷ ಡಾಲರ್ ಸಾಲ ತರಬೇಕಾಯಿತು. ಆಗಸ್ಟ್‌ನಲ್ಲಿ ದಿನಕ್ಕೊಂದು ಎಂಬುದು ತಿಂಗಳಿಗೆ ಮೂರು ಎಂದಾಯಿತು. 2019ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಮುಚ್ಚಿತು, 2020ರ ಜನವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು.

ನಷ್ಟವಾಗಿ ಮುಚ್ಚಿತು, ಅಷ್ಟೇ ಆಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಮುಚ್ಚುವ ಮೊದಲು ಅದು ಏನು ಮಾಡಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ಬಹಿರಂಗಪಡಿಸಿದ ಆರೋಪಗಳಲ್ಲಿದೆ. ಅತಿ ಹೆಚ್ಚು ಸಿನಿಮಾ ನೋಡುತ್ತಿದ್ದ 75,000 ಚಂದಾದಾರರ ಪಾಸ್‌ವರ್ಡ್‌ಗಳನ್ನು, ಸಂಶಯಾಸ್ಪದ ಚಟುವಟಿಕೆ ಕಂಡುಬಂದಿದೆ ಎಂಬ ನೆಪ ಹೇಳಿ, ಕಂಪೆನಿಯೇ ನಿಷ್ಕ್ರಿಯಗೊಳಿಸಿತ್ತು. ಸುಮಾರು ನಾಲ್ಕೂವರೆ ಲಕ್ಷ ಜನರಿಗೆ, ನೋಡಿದ ಟಿಕೆಟಿನ ಚಿತ್ರ ತೆಗೆದು ಕಳುಹಿಸಬೇಕು, ತಪ್ಪಿದರೆ ಖಾತೆ ರದ್ದಾದೀತು ಎಂಬ ತೊಡಕು ಒಡ್ಡಲಾಗಿತ್ತು. ಹೆಚ್ಚು ಬಳಸುವವರ ಗುಂಪು ಒಂದು ಮಿತಿ ಮುಟ್ಟಿದೊಡನೆ, ಅವರಿಗೆ ತಿಳಿಸದೆಯೇ ಸೇವೆಯನ್ನು ತಡೆಯಲಾಗುತ್ತಿತ್ತು. ಪ್ರಕರಣ ರಾಜಿಯಲ್ಲಿ ಮುಗಿಯಿತು. ಹೂಡಿಕೆದಾರರಿಗೆ ಸುಳ್ಳು ಹೇಳಿದ ಬೇರೊಂದು ಪ್ರಕರಣದಲ್ಲಿ ಆ ಕಂಪೆನಿಯ ಮತ್ತು ಮಾತೃಸಂಸ್ಥೆಯ ಅಂದಿನ ಮುಖ್ಯಸ್ಥರಿಬ್ಬರ ಮೇಲೆ 2022ರಲ್ಲಿ ಆರೋಪ ಹೊರಿಸಲಾಯಿತು, ಮುಂದೆ ಇಬ್ಬರೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು.

ಹಣ ಕೊಟ್ಟವನು ತಾನು ಕೊಂಡದ್ದನ್ನು ಬಳಸಿದ್ದೇ ಅಪರಾಧವಾಯಿತು. ಇದನ್ನು ಒಂದು ಕೆಟ್ಟ ಕಂಪೆನಿಯ ದುರ್ನಡತೆಯೆಂದು ತಳ್ಳಿಹಾಕುವಂತಿಲ್ಲ. ಮೂವೀಪಾಸ್ ಸುಳ್ಳು ಹೇಳಿತು, ಇತರರು ಹೇಳುತ್ತಿಲ್ಲ, ಈ ವ್ಯತ್ಯಾಸವನ್ನು ನಾವು ಒಪ್ಪುತ್ತೇವೆ. ರಿಯಾದ್‌ನಲ್ಲಿ 2018ರ ಏಪ್ರಿಲ್‌ನಲ್ಲಿ ಮೊದಲ ಚಿತ್ರಮಂದಿರ ತೆರೆದ ಎಎಂಸಿ ಕಂಪೆನಿಯೇ, ಎರಡು ತಿಂಗಳ ಬಳಿಕ ಅಮೆರಿಕದಲ್ಲಿ 19.95 ಡಾಲರ್‌ಗೆ ವಾರಕ್ಕೆ ಮೂರು ಸಿನಿಮಾಗಳ ಯೋಜನೆ ತಂದು ಅದನ್ನು ನಡೆಸಿಕೊಂಡು ಬಂದಿದೆ. ಸ್ವಂತ ಪರದೆ, ಸ್ವಂತ ತಿಂಡಿಯಂಗಡಿ ಇರುವವರಿಗೆ ಇದು ಸಾಧ್ಯ. ಆದರೂ ನೀವು ಹೆಚ್ಚು ಬಳಸಿದಷ್ಟೂ ಪಾಸ್‌ನಿಂದ ಮಾರಾಟಗಾರನಿಗೆ ಸಿಗುವುದು ಕಡಿಮೆ, ನೀವು ಮರೆತಷ್ಟೂ ಹೆಚ್ಚು ಎಂಬ ತಿರುಳು ಬದಲಾಗುವುದಿಲ್ಲ. ಕೊಳ್ಳುವವನಿಗೂ ಮಾರುವವನಿಗೂ ತೃಪ್ತಿ ನೀಡುವ ವ್ಯಾಪಾರವನ್ನು ನಮ್ಮ ಹಿರಿಯರು ಬರಕತ್ತಿನ ವ್ಯಾಪಾರವೆಂದು ಕರೆದರು. ಗಿರಾಕಿ ಅಂಗಡಿಗೆ ಬಾರದೇ ಇರಲಿ ಎಂದು ಹಾರೈಸುವ ವ್ಯಾಪಾರವನ್ನು ಏನೆಂದು ಕರೆಯೋಣ?

ಬಸ್ ಪಾಸ್ ಕೂಡ ಹೀಗೆಯೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಬಸ್ಸಿನಲ್ಲಿ ದಿನವೂ ಕಾಲೇಜಿಗೆ ಹೋಗಬೇಕಾದ ಹುಡುಗಿಗೆ ಮೊದಲು ಪ್ರಯಾಣವಿದೆ, ಆಮೇಲೆ ಪಾಸ್ ಬರುತ್ತದೆ. ಸಿನಿಮಾದ ವಿಷಯದಲ್ಲಿ ಮೊದಲು ಪಾಸ್ ಬರುತ್ತದೆ, ಆಮೇಲೆ ಅದನ್ನು ವಸೂಲು ಮಾಡುವ ಸಲುವಾಗಿ ಪ್ರಯಾಣ ಹುಟ್ಟುತ್ತದೆ. ಆ ವಾರ ಯಾವ ಸಿನಿಮಾ ಬಂದಿದೆ, ಅದು ಮನೆಮಂದಿ ನೋಡುವಂತಹದೇ ಎಂಬ ವಿವೇಚನೆ ಹಿಂದೆ ಸರಿದು, ತಿಂಗಳು ಮುಗಿಯುವ ಮೊದಲು ಉಳಿದ ಎರಡನ್ನು ಮುಗಿಸಬೇಕೆಂಬ ಅವಸರ ಮುಂದೆ ಬರುತ್ತದೆ. ಟಿಕೆಟ್ ಕೊಳ್ಳುವಾಗ ನಾವು ಆಯ್ಕೆ ಮಾಡುತ್ತೇವೆ, ಪಾಸ್ ಇರುವಾಗ ಬಂದುದನ್ನು ಉಣ್ಣುತ್ತೇವೆ. ಮಕ್ಕಳ ನೋಟದ ಬಗ್ಗೆ ಕಾಳಜಿಯುಳ್ಳ ಹೆತ್ತವರು ಹಣಕ್ಕಿಂತಲೂ ಹೆಚ್ಚಾಗಿ ಇದಕ್ಕೆ ಹೆದರಬೇಕು.

ಸ್ವಯಂಚಾಲಿತ ಪಾವತಿಯ ಬಗ್ಗೆ ಒಂದು ಮಾತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂತಹ ಮರುಕಳಿಸುವ ಪಾವತಿಗೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ಬರಬೇಕು. ಆದರೆ ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ 15,000 ರೂಪಾಯಿಯವರೆಗಿನ ಕಂತುಗಳಿಗೆ ಪ್ರತಿ ಸಲ ಓಟಿಪಿ ಬೇಕಾಗಿಲ್ಲ. 349 ರೂಪಾಯಿ ಎಂಬುದು ಆ ಮಿತಿಯ ಎಷ್ಟು ಕೆಳಗಿದೆ! ಚಂದಾದಾರಿಕೆಯ ಬಲೆಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿಯೇ ಹದಿಮೂರು ವಂಚಕ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ. ಸಿನಿಮಾ ಪಾಸ್‌ಗಳೆಲ್ಲ ಅಂತಹವೆಂದು ನಾವು ಹೇಳುತ್ತಿಲ್ಲ. ಸೇರುವ ಮೊದಲು ಹೊರಬರುವ ಬಾಗಿಲು ಎಲ್ಲಿದೆಯೆಂದು ನೋಡಿಕೊಳ್ಳುವ ಅಗತ್ಯವಿದೆ ಎನ್ನುತ್ತಿದ್ದೇವೆ, ಅಷ್ಟೇ.

ಪಾಸ್ ಪರವಾಗಿ ಮಾತನಾಡುವವರಲ್ಲಿ ಒಂದು ಗಟ್ಟಿಯಾದ ವಾದವಿದೆ. ವಾರದ ದಿನಗಳಲ್ಲಿ ಆಸನಗಳು ಖಾಲಿ ಬಿದ್ದಿರುತ್ತವೆ, ಹೇಗೂ ವ್ಯರ್ಥವಾಗುವ ಆಸನವನ್ನು ಕಡಿಮೆ ಬೆಲೆಗೆ ಕೊಟ್ಟರೆ ಎಲ್ಲರಿಗೂ ಒಳಿತಲ್ಲವೇ ಎಂಬುದು ಆ ವಾದ. ಟಿಕೆಟ್ ದುಬಾರಿಯೆಂಬ ಜನರ ದೂರು ನ್ಯಾಯವಾದುದೇ. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರಕಾರ ತೆರಿಗೆ ಹೊರತುಪಡಿಸಿ 200 ರೂಪಾಯಿಯ ಮಿತಿ ವಿಧಿಸಿತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆದರೆ ಖಾಲಿ ಆಸನವನ್ನು ಅಗ್ಗವಾಗಿ ಕೊಡಲು ಮೂರು ತಿಂಗಳ ಮುಂಗಡ ಏಕೆ ಬೇಕು? 2022ರ ಸೆಪ್ಟೆಂಬರ್ 23ರಂದು ರಾಷ್ಟ್ರೀಯ ಸಿನಿಮಾ ದಿನವೆಂದು ದೇಶದ ಮಲ್ಟಿಪ್ಲೆಕ್ಸ್‌ಗಳು ಟಿಕೆಟನ್ನು 75 ರೂಪಾಯಿಗೆ ಕೊಟ್ಟವು. ಮಲ್ಟಿಪ್ಲೆಕ್ಸ್ ಸಂಘದ ಲೆಕ್ಕದ ಪ್ರಕಾರ ಆ ಒಂದೇ ದಿನ 65 ಲಕ್ಷ ಜನ ಬಂದರು. ಅವರಲ್ಲಿ ಯಾರಿಗೂ ಚಂದಾದಾರರಾಗಿರಬೇಕೆಂಬ ಷರತ್ತಿರಲಿಲ್ಲ, ಮರುತಿಂಗಳು ಯಾರ ಖಾತೆಯಿಂದಲೂ ಆ ಲೆಕ್ಕದಲ್ಲಿ ಒಂದು ರೂಪಾಯಿಯೂ ಕಡಿತವಾಗಲಿಲ್ಲ.