ಕಾಯಕದ ದಾರಿಗೆ ತಕ್ಕ ವಾಹನ



ಧಾರವಾಡದ ಸದ್ಭಕ್ತರೊಬ್ಬರು ಕಳೆದ ಶ್ರಾವಣದಲ್ಲಿ ತಮ್ಮ ಮಗಳೊಡನೆ ನಮ್ಮಲ್ಲಿಗೆ ಬಂದಿದ್ದರು. ಮಗಳು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ದಾದಿ; ಒಮ್ಮೆ ಹಗಲು ಪಾಳಿ, ಒಮ್ಮೆ ಇರುಳು. ಹೋಗಿಬರಲು ದಿನಕ್ಕೆ 40 ಕಿಲೊಮೀಟರ್ ದಾರಿ. ಹಗಲಿಗೆ ಚಿಗರಿ ಬಸ್ಸು ಇದ್ದೇ ಇದೆ. ಪಾಳಿಯು ಹೊತ್ತುಮೀರಿ ಮುಗಿದ ದಿನ ಬಸ್ಸೂ ಇಲ್ಲ, ಜೊತೆಯೂ ಇಲ್ಲ. ಹೀಗೆಯೇ ಮುಂದುವರಿದರೆ ಕೆಲಸ ಬಿಡಿಸುವುದೇ ಲೇಸೆಂಬ ಮಾತು ಮನೆಯಲ್ಲಿ ಹುಟ್ಟಿತ್ತು. ವಿದ್ಯುತ್ ದ್ವಿಚಕ್ರವಾಹನವೊಂದನ್ನು ಕೊಳ್ಳುವ ವಿಚಾರ ಬಂದದ್ದು ಆ ಸಂದರ್ಭದಲ್ಲಿ.

ತಂದೆಯ ಕೈಯಲ್ಲಿ ಒಂದು ಕರಪತ್ರವಿತ್ತು. "ಗುರುಗಳ, ಇದಕ್ಕ ಲೈಸೆನ್ಸ್ ಬ್ಯಾಡ, ನಂಬರ್ ಬ್ಯಾಡ, ಪೆಟ್ರೋಲ್ ಅಂತೂ ಬ್ಯಾಡೇ ಬ್ಯಾಡ. ರೊಕ್ಕಾನೂ ಕಡಿಮಿ. ಇದನ್ನ ಕೊಡಸಲೇನು?" ಎಂದರು. ಮಗಳು ತಲೆತಗ್ಗಿಸಿ ಕುಳಿತಿದ್ದಳು.

ಕರಪತ್ರದಲ್ಲಿದ್ದುದು ಸುಳ್ಳಲ್ಲ. ಮೋಟರಿನ ಶಕ್ತಿ 250 ವ್ಯಾಟಿಗಿಂತಲೂ ವೇಗವು ಗಂಟೆಗೆ 25 ಕಿಲೊಮೀಟರಿಗಿಂತಲೂ ಕಡಿಮೆಯಿರುವ ಇಂತಹ ವಾಹನಗಳನ್ನು ನಮ್ಮ ದೇಶದ ನಿಯಮಗಳು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಆದರೆ ರಾಯಾಪುರ, ನವನಗರ, ಉಣಕಲ್ ದಾಟಿಹೋಗುವ ಆ ಹೆದ್ದಾರಿಯನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿರಿ. ಬಸ್ಸು ಲಾರಿಗಳು ಧಾವಿಸುವೆಡೆ, ಏರುದಾರಿಯಲ್ಲಿ ಏದುಸಿರು ಬಿಡುವ ಪುಟ್ಟ ಬಂಡಿಯ ಮೇಲೆ ಒಂಟಿ ಹೆಣ್ಣುಮಗಳು ಒಂದು ಗಂಟೆಯ ಹೊತ್ತು ಕುಳಿತಿರಬೇಕು. ಅಗ್ಗವೆಂದು ಕೊಂಡದ್ದಕ್ಕೆ ಬೇರೊಂದು ರೀತಿಯಲ್ಲಿ ಬೆಲೆ ತೆರಬೇಕಾದೀತು. "ತಂಗೀ, ಮೊದಲು ಲೈಸೆನ್ಸ್ ಮಾಡಿಸಿಕೊ" ಎಂದೆ. ಆಗ ಅವಳು ತಲೆಯೆತ್ತಿದಳು.

ಅವಳ ಅಣ್ಣನ ಆಯ್ಕೆ ಬೇರೊಂದು ತುದಿಯಲ್ಲಿತ್ತು. ಒಂದು ಚಾರ್ಜಿಗೆ 150 ಕಿಲೊಮೀಟರ್ ಓಡುವುದೆಂದು ಅಂಗಡಿಯವರು ಹೊಗಳಿದ, ಒಂದೂವರೆ ಲಕ್ಷ ರೂಪಾಯಿಯ ವಾಹನವನ್ನು ಸಾಲದಲ್ಲಿ ತರಬೇಕೆಂದು ಅವನ ಹಟ. ಇಲ್ಲಿ ನನಗೆ ಲಕ್ಕಮ್ಮನವರ ನೆನಪಾಯಿತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಹೇಳಿದ ತಾಯಿ ಆಕೆ. ಆದರೂ ಆ ಅಳತೆಯನ್ನು ಬ್ಯಾಟರಿಗೆ ಹಾಗೆಯೇ ಹಚ್ಚಲು ಬರುವುದಿಲ್ಲ. ಅಕ್ಕಿ ಸೇರಿನಲ್ಲಿದ್ದಷ್ಟೇ ಇರುತ್ತದೆ. ಬ್ಯಾಟರಿಯೋ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಅಲ್ಲದೆ ಕಂಪನಿಗಳು ಸಾರುವ ದೂರವು ಪರೀಕ್ಷೆಯ ಲೆಕ್ಕ. ಏರಿಳಿತ, ಎದುರುಗಾಳಿ, ಹಿಂದೆ ಕುಳಿತವರ ಭಾರ ಇವೆಲ್ಲ ಸೇರಿದರೆ ಅದರ ಮೂರರಲ್ಲಿ ಎರಡು ಪಾಲು ದಕ್ಕಿದರೆ ಸಾಕು. ಆದುದರಿಂದ 40 ಕಿಲೊಮೀಟರ್ ಓಡುವವರು ರಸ್ತೆಯ ಮೇಲೆ ನಿಜವಾಗಿ 80 ಕಿಲೊಮೀಟರ್ ಓಡಬಲ್ಲ ವಾಹನವನ್ನು ನೋಡಬೇಕು. ಸುಮಾರು 3 ಯೂನಿಟ್ ವಿದ್ಯುತ್ತನ್ನು ಹಿಡಿಯುವ ಬ್ಯಾಟರಿ ಇದಕ್ಕೆ ಸಾಕು.

ಲೆಕ್ಕವನ್ನು ಅಲ್ಲಿಯೇ ಬರೆದು ತೋರಿಸಿದೆ. ತಿಂಗಳಿಗೆ 24 ದಿನವೆಂದರೆ 960 ಕಿಲೊಮೀಟರ್. ಲೀಟರಿಗೆ 45 ಕಿಲೊಮೀಟರ್ ಕೊಡುವ ಸ್ಕೂಟರಿಗೆ, ಪೆಟ್ರೋಲಿನ ಬೆಲೆ ನೂರೇ ರೂಪಾಯಿ ಎಂದು ಹಿಡಿದರೂ, 2,100 ರೂಪಾಯಿ ಬೇಕು. ವಿದ್ಯುತ್ ವಾಹನಕ್ಕೆ ಸುಮಾರು 34 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿಯಂತೆ 240 ರೂಪಾಯಿ. ಉಳಿತಾಯ ನಿಜ. ಆದರೆ ಬ್ಯಾಟರಿ ಕೆಟ್ಟರೆ ಈ ಉಳಿತಾಯದ ಬಹುಪಾಲನ್ನು ಅದೊಂದೇ ನುಂಗಿಬಿಡುತ್ತದೆ. ಬ್ಯಾಟರಿಯ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೊಮೀಟರಿಗೆ, ಶಕ್ತಿ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬುದು ಬರವಣಿಗೆಯಲ್ಲಿರಬೇಕು. ದುರಸ್ತಿ ಕೇಂದ್ರವು ಊರಿನಲ್ಲಿಯೇ ಇರಬೇಕು. ಬಣ್ಣ, ಹಾಡು ನುಡಿಸುವ ಪರದೆ ಇತ್ಯಾದಿಗಳನ್ನು ಕುರಿತು ನಾನು ಬರೆಯಲಾರೆ.

ಇಷ್ಟಾದ ಮೇಲೆ ನಿಜವಾದ ತೊಡಕು ಹೊರಬಿತ್ತು. ಅವರದು ಎರಡನೆಯ ಅಂತಸ್ತಿನ ಬಾಡಿಗೆ ಮನೆ. ಕೆಳಗೆ ಚಾರ್ಜು ಮಾಡಲು ಮನೆಯೊಡೆಯರು ಒಪ್ಪುತ್ತಿಲ್ಲ. ಬಿಚ್ಚಿ ಒಯ್ಯುವ ಬ್ಯಾಟರಿಗಳೂ ಬಂದಿವೆ. ಆದರೆ ಒಂದೊಂದೂ ಹತ್ತು ಕಿಲೊ ತೂಗುವಂಥವು. ಇರುಳೆಲ್ಲ ರೋಗಿಗಳ ಸೇವೆ ಮಾಡಿ ಬಂದವಳು ಅವನ್ನು ಹೊತ್ತು ಮೆಟ್ಟಿಲೇರಬೇಕೆ?

ಮನೆಯೊಡೆಯರೂ ನಮ್ಮ ಪರಿಚಿತರೇ ಆದುದರಿಂದ ನಾನೇ ಹೋದೆ. ಅವರನ್ನು ಹಟಮಾರಿಯೆಂದು ತಿಳಿದು ಹೋದವನು, ಅವರ ಮಾತು ಕೇಳಿ ಸುಮ್ಮನಾದೆ. 2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ, ರಾತ್ರಿ ಚಾರ್ಜಿಗಿಟ್ಟ ವಾಹನಕ್ಕೆ ಬೆಂಕಿ ತಗುಲಿ, ಹೊಗೆಯಲ್ಲಿ ಉಸಿರುಗಟ್ಟಿ ತಂದೆ ಮಗಳಿಬ್ಬರೂ ತೀರಿಕೊಂಡ ಸುದ್ದಿಯನ್ನು ಅವರು ಮರೆತಿರಲಿಲ್ಲ. ಆ ಭಯವನ್ನು ಹಗುರಾಗಿ ಕಾಣಲಾಗದು. ಅಂದಿನ ಅವಘಡಗಳ ನಂತರ ಸರ್ಕಾರವು ಬ್ಯಾಟರಿಗಳ ಸುರಕ್ಷತಾ ಪರೀಕ್ಷೆಯನ್ನು ಬಿಗಿಗೊಳಿಸಿ, 2022ರ ಡಿಸೆಂಬರಿನಿಂದಲೂ 2023ರ ಮಾರ್ಚ್ ಕೊನೆಯಿಂದಲೂ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆಯ ಬ್ಯಾಟರಿ ತುಸು ಭಾರವಾದರೂ ಕಾವನ್ನು ಹೆಚ್ಚು ತಾಳುತ್ತದೆ. ಇವನ್ನೆಲ್ಲ ಹೇಳಿದೆ. ಹಳೆಯ ಪ್ಲಗ್ಗಿಗೆ ಉದ್ದನೆಯ ವಯರು ಜೋಡಿಸಿ ಜಿನ್ನೆಯ ಕೆಳಗೆ, ಹೊರಹೋಗುವ ಬಾಗಿಲಿಗೆ ಅಡ್ಡವಾಗಿ ಚಾರ್ಜು ಮಾಡುವುದು ಯಾವ ಬ್ಯಾಟರಿಗೂ ಸಲ್ಲದೆಂದು ಅವರೂ ನಾನೂ ಒಪ್ಪಿದೆವು.

ಅವರಿಗೆ ಇನ್ನೊಂದು ಅಳುಕಿತ್ತು. 2023ರ ಜುಲೈಯಿಂದ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ತಮ್ಮ ಮೀಟರಿಗೆ ಬೇರೆಯವರ ವಾಹನದ ಯೂನಿಟ್ಟು ಏಕೆ ಬೀಳಬೇಕೆಂಬ ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ದಾರಿ ತೋರಿಸಿದವನು ವಿದ್ಯುತ್ ಕೆಲಸದ ಹುಡುಗ. ಬಾಡಿಗೆಯವರ ಮೀಟರೂ ಕೆಳಗಿನ ಗೋಡೆಯ ಮೇಲೆಯೇ ಇತ್ತು. ಅದರಿಂದಲೇ ಹೊಸ ವಯರೆಳೆದು, ಗೇಟಿನ ಬದಿಯ ತೆರೆದ ಜಾಗದಲ್ಲಿ, ಅರ್ಥಿಂಗ್ ಹಾಗೂ ಎಂ.ಸಿ.ಬಿ. ಸಹಿತವಾದ 16 ಆಂಪಿಯರಿನ ಪ್ಲಗ್ಗನ್ನು ಕೂರಿಸಿದ. ವೆಚ್ಚವನ್ನು ಬಾಡಿಗೆಯವರೇ ಕೊಟ್ಟರು.

ವಾಹನ ಬಂದದ್ದು ದೀಪಾವಳಿಯ ಪಾಡ್ಯಕ್ಕೆ; ಅಣ್ಣ ಬಯಸಿದುದಕ್ಕಿಂತ ಚಿಕ್ಕದು, ತಂದೆ ತೋರಿಸಿದುದಕ್ಕಿಂತ ದೊಡ್ಡದು. ಹುಡುಗಿ ಹೆಲ್ಮೆಟ್ ಧರಿಸಿ ಪಾಳಿಗೆ ಹೋಗುತ್ತಿದ್ದಾಳೆ. ಮೊನ್ನೆ ಮನೆಯೊಡೆಯರು ಸಿಕ್ಕಿದ್ದರು. ಅವರಿಗೆ ಈಗ ಎಪ್ಪತ್ತು ದಾಟಿದೆ. ಮುಂಜಾನೆ ಮಠಕ್ಕೂ ಕಾಯಿಪಲ್ಲೆಗೂ ಒಳದಾರಿಯಲ್ಲಿ ಮೂರು ಕಿಲೊಮೀಟರ್ ಸೈಕಲ್ಲಿನ ಮೇಲೆ ಹೋಗುತ್ತಾರೆ. "ಗುರುಗಳ, ಅವತ್ತು ನೀವು ಬ್ಯಾಡ ಅಂದ ಆ ಸಣ್ಣ ಗಾಡಿ ನನಗ ಆದೀತೇನು?" ಎಂದು ಕೇಳಿದರು. ನಿಮಗೆ ಅದೇ ಸರಿ ಎಂದೆ.